ಜಮಖಾನದಷ್ಟು ನೆಲ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಆ ಸಿಟ್ಟೇ ಮೂಲ. ಐವತ್ತು ದಾಟಿದ ಹೆಂಗಸು ಸ್ಕೂಟರ್ ಮೇಲೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಅಂತ ನಾಲ್ಕು ತಾಲ್ಲೂಕು ಬಿಸಿಲಲ್ಲಿ ಸುತ್ತಿದರೆ ಸಿಟ್ಟು ಬರದೆ ಇನ್ನೇನು ಬರುತ್ತದೆ ಎಂದು ಎಷ್ಟೋ ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಈಗ ಆ ಸಮಾಧಾನ ಕೆಲಸಕ್ಕೆ ಬರುತ್ತಿಲ್ಲ.

ನನ್ನ ಕೆಲಸ ಏನು ಅನ್ನುವುದು ನಮ್ಮ ಮನೆಯವರಿಗೇ ಸರಿಯಾಗಿ ಗೊತ್ತಿಲ್ಲ. ಮುಳಬಾಗಿಲಿನಲ್ಲಿರುವ ನನ್ನ ಅಕ್ಕ ಹೋದಾಗಲೆಲ್ಲ ಕೇಳುತ್ತಾಳೆ.

"ರೈತರಿಗೆ ವ್ಯವಸಾಯ ಹೇಳ್ಕೊಡ್ತೀಯಂತೆ. ಅವ್ರಿಗೆ ಗೊತ್ತಿಲ್ವೇನೇ? ನಿಂಗೆ ಯಾವಾಗ ಗೊತ್ತಾಯ್ತು?"

ವ್ಯವಸಾಯ ಹೇಳಿಕೊಡುವುದಲ್ಲ, ರೈತರನ್ನು ಮೇಷ್ಟ್ರು ಮಾಡುವುದು ಎಂದು ನಾನು ಬಿಡಿಸಿ ಹೇಳುತ್ತೇನೆ. ಅವರವರ ಹೊಲದಲ್ಲೇ ನಿಂತು, ಶಾಲೆಯ ಮಕ್ಕಳಿಗೂ ಅಕ್ಕಪಕ್ಕದ ರೈತರಿಗೂ, ಮಳೆ ಯಾಕೆ ಹೀಗೆ ದಾರಿ ತಪ್ಪಿದೆ, ಸುಸ್ತಾದ ಮಣ್ಣಿಗೆ ಮತ್ತೆ ಜೀವ ಬರಿಸುವುದು ಹೇಗೆ ಎಂದು ಪಾಠ ಮಾಡುವಂತೆ ಅವರನ್ನು ತಯಾರು ಮಾಡುವುದು. ನಮ್ಮ ಸಂಸ್ಥೆ ಅವರನ್ನು 'ಹೊಲದ ಶಿಕ್ಷಕರು' ಎಂದು ಕರೆಯುತ್ತದೆ. ತರಬೇತಿ ಮುಗಿದ ಮೇಲೆ ಬೆಂಗಳೂರಿನಿಂದ ಪರೀಕ್ಷಕರು ಬಂದು ಅವರ ಹೊಲ ನೋಡಿ, ಪಾಠ ಕೇಳಿ, ಅಂಕ ಹಾಕುತ್ತಾರೆ. ಪಾಸಾದವರ ಹೊಲಕ್ಕೆ ಒಂದು ಬೋರ್ಡು. ಅಕ್ಕ ಇಷ್ಟೂ ಕೇಳಿಸಿಕೊಂಡು "ಹಂಗಾದ್ರೆ ಸರಿ" ಎಂದು ಕಾಫಿಗೆ ನೀರಿಡುತ್ತಾಳೆ. ಮುಂದಿನ ಸಲ ಮತ್ತೆ ಅದೇ ಪ್ರಶ್ನೆ.

ಕಳೆದ ತಂಡದಲ್ಲಿ ಹನ್ನೆರಡು ಜನ ಇದ್ದರು. ಲಕ್ಕೂರಿನ ಒಬ್ಬ ರೈತ ನೈಟ್ ಶಿಫ್ಟ್ ಮುಗಿಸಿ ಕಂಪನಿ ಯೂನಿಫಾರ್ಮಿನಲ್ಲೇ ಬಂದು ಗೋಡೆಗೆ ಒರಗಿ ನಿದ್ದೆ ಹೊಡೆಯುತ್ತಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ನಿದ್ದೆಯಲ್ಲಾದರೂ ಅವನು ಅವನಾಗಿಯೇ ಇದ್ದ. ಎದ್ದಿದ್ದವರದ್ದೇ ತೊಂದರೆ. ಊಟದ ಹೊತ್ತಿನಲ್ಲಿ ಮಣ್ಣಿನ ಬಗ್ಗೆ, ಬೋರ್‌ವೆಲ್ ಬಗ್ಗೆ, ಮಾವಿನ ಹೂವು ಉದುರಿದ್ದರ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದರು! ಈಗ ಇದನ್ನೇ ಪಾಠ ಮಾಡಿ ಅಂದ ತಕ್ಷಣ ಎದ್ದು ನಿಂತು, ಶರಟು ಎಳೆದುಕೊಂಡು, ಸಂಸ್ಥೆ ಕೊಟ್ಟ ಚಾರ್ಟನ್ನು ಮರಕ್ಕೆ ನೇತುಹಾಕಿ, ಕೈಯಲ್ಲೊಂದು ಕೋಲು ಹಿಡಿದು, "ಹವಾಮಾನ ಬದಲಾವಣೆ ಎಂದರೆ ದೀರ್ಘಾವಧಿಯಲ್ಲಿ ಉಂಟಾಗುವ" ಎಂದು ಶುರು ಮಾಡುತ್ತಿದ್ದರು. ಎದುರಿಗೆ ಚಾರ್ಟು, ಬೆನ್ನ ಹಿಂದೆ ಹೊಲ. ನಾನು ಹೇಳಿದೆ, ಬೈದೆ, ಕೊನೆಗೆ ಬೇಡಿಕೊಂಡೆ. ಹೊಲಕ್ಕೆ ಬೆನ್ನು ಹಾಕಬೇಡ್ರಪ್ಪಾ, ತಿರುಗಿ ನಿಲ್ಲಿ, ಪಾಠ ಅಲ್ಲಿದೆ ಎಂದೆ. ತಿರುಗಿ ನಿಲ್ಲುತ್ತಿದ್ದರು. ಚಾರ್ಟನ್ನೂ ತಿರುಗಿಸಿಕೊಂಡು ನಿಲ್ಲುತ್ತಿದ್ದರು.

ಈ ಹನ್ನೆರಡು ಜನರಲ್ಲಿ ಹೋಳೂರಿನ ಕಡೆಯ ಒಬ್ಬ ಹೆಂಗಸಿದ್ದಳು. ಗಂಡ ನರಸಾಪುರದ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಜಮೀನು ಒಟ್ಟಿನದು, ನೋಡಿಕೊಳ್ಳುವವನು ಮೈದುನ. ಟೊಮೆಟೊ, ಮತ್ತೆ ಟೊಮೆಟೊ, ಸ್ವಲ್ಪ ರಾಗಿ, ಬದುವಿನಾಚೆ ಹಿಪ್ಪುನೇರಳೆ. ಮದುವೆಯಾಗಿ ಬಂದ ದಿನದಿಂದ ಆ ನೆಲದಲ್ಲಿ ಕಳೆ ಕಿತ್ತವಳು, ನಾಟಿ ಹಾಕಿದವಳು, ಬುಟ್ಟಿ ಹೊತ್ತವಳು ಇವಳೇ. ಆದರೆ ಈ ಸಲ ಏನು ಹಾಕೋಣ ಎಂದು ಒಂದು ದಿನವೂ ಯಾರೂ ಇವಳನ್ನು ಕೇಳಿರಲಿಲ್ಲ. ತರಬೇತಿಗೆ ಸೇರಿದ ಮೇಲೆ ಹೇಗೋ ಮೈದುನನನ್ನು ಒಪ್ಪಿಸಿ ಹೊಂಗೆ ಮರದ ಪಕ್ಕದ ಅರ್ಧ ಎಕರೆಯನ್ನು ಒಂದು ವರ್ಷಕ್ಕೆ ಕೇಳಿ ತೆಗೆದುಕೊಂಡಿದ್ದಳು. ಇಂಥ ತುಂಡು ಹೊಲಕ್ಕೆ ನಮ್ಮ ಹಾಳೆಗಳಲ್ಲಿ 'ತಾಕು' ಎನ್ನುತ್ತೇವೆ.

ಮೈದುನ ಷರತ್ತು ಹಾಕಿದ್ದ. ನನ್ನೆದುರೇ ಹೇಳಿದ.

"ಅತ್ತಿಗೆ ಮೇಷ್ಟ್ರಾದ್ರೆ ಆ ಅರ್ಧ ಎಕರೆ ಅವ್ರ್ದೇ ಲೆಕ್ಕ ಮೇಡಂ, ನಾನು ತಲೆ ಹಾಕಲ್ಲ. ಆಗ್ಲಿಲ್ಲಾಂದ್ರೆ ಯುಗಾದಿ ಆದ್ಮೇಲೆ ನಾನು ಟೊಮೆಟೊ ಹಾಕ್ತೀನಿ."

ಹೇಳಿ ಸುಮ್ಮನಿರಲಿಲ್ಲ. ಟೊಮೆಟೊ ಗಿಡಕ್ಕೆ ಆಸರೆ ಕೊಡುವ ನೀಲಗಿರಿ ಕಡ್ಡಿಗಳನ್ನು ತಂದು ಅದೇ ಬದುವಿನ ಮೇಲೆ ಒಟ್ಟಿಟ್ಟಿದ್ದ. ದಿನಾ ಅವನ್ನು ನೋಡಿಕೊಂಡೇ ಅವಳು ಕೆಲಸ ಮಾಡಬೇಕಿತ್ತು.

ಆ ನೆಲದಲ್ಲಿ ಅವಳು ಮಾಡಿದ್ದನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ನೆಲಕ್ಕೆ ಹೊದಿಕೆ ಹಾಕಿ ಎಂದು ನಾನು ಪಾಠ ಮಾಡಿದ್ದೆ. ಬಿಸಿಲು, ಮಳೆ ನೇರವಾಗಿ ಮಣ್ಣಿಗೆ ಬೀಳದ ಹಾಗೆ ಒಣ ಎಲೆ, ಹುಲ್ಲು ಹಾಸಿ ಮುಚ್ಚುವುದು. ರಾಗಿ ಹುಲ್ಲು ಹಾಸಿ ಎಂದೂ ಹೇಳಿದ್ದೆ. "ದನ ತಿನ್ನೋದನ್ನ ನೆಲಕ್ಕೆ ಹಾಸೋದಾ ಮೇಡಂ? ನಮ್ಮತ್ತೆ ನನ್ನನ್ನೇ ಹಾಸ್ಬಿಡ್ತಾರೆ" ಎಂದು ತರಬೇತಿಯಲ್ಲಿ ಎಲ್ಲರನ್ನೂ ನಗಿಸಿದ್ದಳು. ಆಮೇಲೆ ಹೊಂಗೆ ಎಲೆ ಗುಡ್ಡೆ ಹಾಕಿದಳು. ರೇಷ್ಮೆ ಹುಳ ಸೊಪ್ಪು ತಿಂದು ಬಿಟ್ಟ ಕಡ್ಡಿಗಳನ್ನು ಮನೆಮನೆಯಿಂದ ಕೇಳಿ ತಂದು ತುಂಡು ಮಾಡಿದಳು. ಅವರೆಕಾಯಿ ಕಾಲದಲ್ಲಿ ಊರಿನವರು ಬಿಸಾಡಿದ ಸಿಪ್ಪೆಯನ್ನೆಲ್ಲ ಹೊತ್ತುತಂದಳು. ಅವಳು ನೆಟ್ಟ ಬದನೆ ಗಿಡಗಳ ಬುಡದಲ್ಲಿ ಗೇಣು ದಪ್ಪ ಹೊದಿಕೆ ಕೂತಿತು. ಕೈ ಹಾಕಿದರೆ ತಂಪು, ಎಳೆದರೆ ಎರೆಹುಳ.

ಇಂಥ ಹೊಲಕ್ಕೆ ಒಂದು ದಿನ ನಾನು ಪರಿಶೀಲನೆಗೆ ಹೋದೆ. ಪರೀಕ್ಷೆಗೆ ಇನ್ನೊಂದು ತಿಂಗಳಿತ್ತು. ಬೆಳಿಗ್ಗೆಯೇ ಆಫೀಸಿನವರ ಜೊತೆ ಫೋನಿನಲ್ಲಿ ಜಗಳ ಆಗಿತ್ತು, ನಾಲ್ಕು ತಾಲ್ಲೂಕಿನ ಫೋಟೋ ಒಂದೇ ದಿನ ಕಳಿಸಿ ಎಂದಿದ್ದರು. ದಾರಿಯಲ್ಲಿ ಟೈರು ಪಂಕ್ಚರ್. ಹೊಲಕ್ಕೆ ಕಾಲಿಟ್ಟರೆ, ಆ ಚೆಂದದ ಹೊದಿಕೆಯ ಮೇಲೆ ಹಳೆ ಡ್ರಿಪ್ ಪೈಪು, ಖಾಲಿ ಗೊಬ್ಬರದ ಚೀಲ, ಒಡೆದ ಬಕೆಟ್ಟು, ಗಂಡನ ಹರಿದ ಕಂಪನಿ ಶೂ. ಫೋಟೋ ತೆಗೆಯಲು ಒಂದು ಮೂಲೆಯೂ ಇಲ್ಲ. ನನ್ನ ತಲೆ ಕೆಟ್ಟುಹೋಯಿತು.

"ಏನಮ್ಮಾ ಇದು, ತಿಪ್ಪೆ ಥರ ಇಟ್ಕೊಂಡಿದ್ದೀಯ? ನಾಳೆ ದೊಡ್ಡೋರು ಬಂದ್ರೆ ನನ್ನ ಮಾನ ಹೋಗುತ್ತೆ. ನಾಚಿಕೆ ಆಗಲ್ವಾ? ಎಲ್ಲಾ ಕ್ಲೀನ್ ಮಾಡು ಮೊದ್ಲು!"

ಅವಳು ತಲೆ ತಗ್ಗಿಸಿ ನಿಂತಳು. ಅತ್ತೆ ದೂರದಿಂದ ನೋಡುತ್ತಿದ್ದರು. ನಾನು ಪರಿಶೀಲನೆ ಹಾಳೆ ತೆಗೆದು, ಸ್ಕೂಟರಿನ ಸೀಟಿನ ಮೇಲಿಟ್ಟುಕೊಂಡು, 'ತಾಕು ಗಲೀಜಾಗಿದೆ' ಎಂದು ಬರೆದೆ. ಸಹಿ ಹಾಕಿದೆ. ಶೂ, ಬಕೆಟ್ಟು ಎಂದು ಬರೆಯುವಷ್ಟು ತಾಳ್ಮೆ ಇರಲಿಲ್ಲ. ಊರು ದಾಟುವ ಹೊತ್ತಿಗೆ ಅದನ್ನು ಮರೆತೂಬಿಟ್ಟೆ. ಸಿಟ್ಟು ಬರುವವರಿಗೆ ಇದೊಂದು ಅನುಕೂಲ, ಬೈದದ್ದು ನಮಗೆ ನೆನಪಿರುವುದಿಲ್ಲ.

ಪರೀಕ್ಷೆಯ ದಿನ ಬಂತು. ಪರೀಕ್ಷಕರ ಕಾರು ಬರುವ ಮೊದಲೇ ತಲುಪೋಣ ಎಂದು ಸ್ಕೂಟರ್ ಜೋರಾಗಿ ಓಡಿಸಿದೆ. ಹೊಂಗೆ ಮರ ಕಾಣಿಸಿತು, ಅದರ ಪಕ್ಕ ತೆಳ್ಳಗೆ ಹೊಗೆ ಕಾಣಿಸಿತು. ಅಡುಗೆ ಮಾಡುತ್ತಿದ್ದಾರೇನೋ ಅಂದುಕೊಂಡೆ.

ಹತ್ತಿರ ಹೋದರೆ ಅರ್ಧ ಎಕರೆಯೂ ಕೆಂಪಗೆ ಬೋಳಾಗಿತ್ತು. ಪೂರ್ತಿ ಗುಡಿಸಿದ್ದರು. ಸಾಲು ಸಾಲಾಗಿ ಪೊರಕೆಯ ಗೀರುಗಳು ಕಾಣುತ್ತಿದ್ದವು. ಧೂಳು ಏಳದಿರಲಿ ಎಂದು ನೀರು ಚಿಮುಕಿಸಿದ್ದರು. ಹೊಂಗೆಯ ಹತ್ತಿರವೇ ಹೊಲದ ಬಾಯಿಗೆ ಸಗಣಿ ಸಾರಿಸಿ ದೊಡ್ಡ ರಂಗೋಲಿ, ಎರಡು ಕಡ್ಡಿ ನೆಟ್ಟು ಮಾವಿನ ತೋರಣ. ಬದನೆ ಗಿಡಗಳು ಬುಡ ತೋರಿಸಿಕೊಂಡು ನಿಂತಿದ್ದವು. ಮೂಲೆಯಲ್ಲಿ ಒಂದು ವರ್ಷದ ಹೊದಿಕೆ ರಾಶಿಯಾಗಿ ಸುಟ್ಟು ಇನ್ನೂ ಹೊಗೆಯಾಡುತ್ತಿತ್ತು. ಹೊಂಗೆಯ ನೆರಳಲ್ಲಿ ಮಾತ್ರ ದೊಡ್ಡ ಜಮಖಾನ ಹಾಸಿ, ಅದರ ಮುಂದೆ ಚಾರ್ಟು ನೇತುಹಾಕಿದ್ದರು.

 ಪರೀಕ್ಷೆಯ ಹಾಳೆಯಲ್ಲಿ ಮೊದಲನೆಯ ಅಂಶವೇ 'ನೆಲಕ್ಕೆ ಹೊದಿಕೆ ಇದೆಯೇ' ಎನ್ನುವುದು.

"ಏನ್ ಮಾಡ್ಬಿಟ್ಟೆ ತಾಯಿ? ಏನ್ ಮಾಡ್ಬಿಟ್ಟೆ?" ಎಂದು ಅವಳ ಕೈ ಹಿಡಿದು ಅಲ್ಲಾಡಿಸಿದೆ. ಹೊಸ ಸೀರೆ ಉಟ್ಟಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಉತ್ತರ ಕೊಟ್ಟವರು ಅತ್ತೆ, ಅರ್ಧ ತೆಲುಗಿನಲ್ಲಿ. "ಅಯ್ಯೋ, ಪೆದ್ದವಾಳ್ಳು ವಸ್ತಾರಂಟೆ ಗುಡ್ಸ್ದೆ ಇರಕ್ಕಾಗ್ತದಾ? ದೊಡ್ಡೋರು ಬರೋ ಜಾಗ ಕಸ ಇಟ್ಕೊಂಡ್ರೆ ಏನಂದ್ಕೋತಾರೆ? ನೆನ್ನೆ ಮಧ್ಯಾಹ್ನದಿಂದ ಮನೆ ಮಂದಿಯೆಲ್ಲಾ ಸೇರ್ಕೊಂಡ್ವಿ."

ಹೆಮ್ಮೆಯಿಂದ ಹೇಳಿದರು. ನಮ್ಮ ಸೀಮೆಯಲ್ಲಿ ಇದೇ ಪದ್ಧತಿ, ನಾನೂ ಇದರಲ್ಲೇ ಬೆಳೆದವಳು. ಹೆಣ್ಣು ನೋಡಲು ಬರಲಿ, ಶಾಲೆಗೆ ಇನ್‌ಸ್ಪೆಕ್ಟರ್ ಬರಲಿ, ಮೊದಲು ಕೈಗೆ ಬರುವುದು ಪೊರಕೆ. ಬಂದವರಿಗೆ ಒಂದು ಎಲೆಯೂ ಕಾಣಬಾರದು. ಕಣ ಗುಡಿಸಿದಷ್ಟೇ ಶ್ರದ್ಧೆಯಿಂದ ಹೊಲವನ್ನೂ ಗುಡಿಸಿದ್ದರು. ಹೊದಿಕೆಯ ಬೆಲೆ ಗೊತ್ತಿದ್ದೂ ಇವಳು ಯಾಕೆ ಸುಮ್ಮನಿದ್ದಳು ಎಂದು ಅವಳ ಮುಖ ನೋಡಿದೆ. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಾರು ಬಂತು.

ಪರೀಕ್ಷಕರು ಇಬ್ಬರು. ಅಂಕದ ಹಾಳೆ ಹಿಡಿದಿದ್ದವರು ಕನ್ನಡಕದ, ಮೆತ್ತಗೆ ಮಾತಾಡುವ ಹಿರಿಯರು. ಜೊತೆಗೆ ಫೋಟೋ ತೆಗೆಯಲು ಒಬ್ಬ ಹುಡುಗಿ. ಆ ಹುಡುಗಿ ಮೊದಲು ಹೊಲದ ಫೋಟೋ ತೆಗೆದಳು, ಆಮೇಲೆ ಇಬ್ಬರೂ ಜಮಖಾನದ ಮೇಲೆ ಕುಳಿತರು. ಶಾಲೆಯಿಂದ ಏಳನೇ ಕ್ಲಾಸಿನ ಮಕ್ಕಳು ಸಾಲಾಗಿ ಬಂದು ಬೋಳು ನೆಲದ ಮೇಲೆ ಕುಳಿತವು. ಮೈದುನ ಬದುವಿನ ಮೇಲೆ, ತನ್ನ ಕಡ್ಡಿ ರಾಶಿಗೆ ಒರಗಿ ನಿಂತ.

ಅವಳು ಕೋಲು ಹಿಡಿದು, ಹೊಲಕ್ಕೆ ಬೆನ್ನು ಹಾಕಿ, ಶುರು ಮಾಡಿದಳು. "ಹವಾಮಾನ ಬದಲಾವಣೆ ಎಂದರೆ ದೀರ್ಘಾವಧಿಯಲ್ಲಿ..." ನಾನು ಕಣ್ಣು ಮುಚ್ಚಿಕೊಂಡೆ. ಒಂದು ವರ್ಷ ಗಂಟಲು ಹರಿದುಕೊಂಡದ್ದು ಇದಕ್ಕಾ ಎಂದು ಅಳು ಬರುವಂತಾಯಿತು. ಅವಳು ಬಾಣದ ಗುರುತುಗಳನ್ನು ಒಂದೊಂದಾಗಿ ತೋರಿಸಿ, ಮಣ್ಣಿನ ಹೊದಿಕೆಯ ಚಿತ್ರಕ್ಕೆ ಬಂದಳು. ಮುಂದಿನ ಸಾಲಿನಲ್ಲಿದ್ದ ಒಂದು ಹುಡುಗಿ ಕೈ ಎತ್ತಿತು.

"ಆಂಟೀ, ನಿಮ್ಮ ಹೊಲದಲ್ಲಿ ಹೊದಿಕೆ ಎಲ್ಲಿದೆ?"

 ಅವಳು ಚಾರ್ಟು ನೋಡಿದಳು, ಹೊಗೆ ನೋಡಿದಳು. ಕೋಲನ್ನು ಕೆಳಗಿಟ್ಟಳು.

"ಇತ್ತು ಪುಟ್ಟಾ. ನೆನ್ನೆ ಮಧ್ಯಾಹ್ನದವರ್ಗೂ ಇತ್ತು. ನೀವೆಲ್ಲಾ ಬರ್ತೀರಾಂತ ನಾನೇ ಗುಡ್ಸಿ ಸುಟ್‌ಬಿಟ್ಟೆ."

ಮಕ್ಕಳು ಗೊಳ್ಳೆಂದು ನಕ್ಕವು. ಅವಳೂ ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ತಪ್ಪು ಮಾಡ್ಬಿಟ್ಟೆ. ಏನ್ ತಪ್ಪು ಅಂತ ತೋರಿಸ್ತೀನಿ, ಬನ್ನಿ." ಪರೀಕ್ಷಕರ ಕಡೆ ತಿರುಗಿದಳು. "ಸಾರ್, ಬೇಜಾರ್ ಮಾಡ್ಕೋಬೇಡಿ. ಸ್ವಲ್ಪ ಎದ್ದೇಳ್ತೀರಾ?"

ಅವರು ಗಾಬರಿಯಾಗಿ ಎದ್ದರು. ಅವಳು ಜಮಖಾನದ ತುದಿ ಹಿಡಿದು ಎಳೆದಳು. ಕೆಳಗೆ ಹೊದಿಕೆ ಹಾಗೆಯೇ ಇತ್ತು, ಹೊಂಗೆ ಎಲೆ, ಹಿಪ್ಪುನೇರಳೆ ಕಡ್ಡಿ, ಅವರೆ ಸಿಪ್ಪೆ. ಹೇಗೂ ಜಮಖಾನ ಮುಚ್ಚುತ್ತದೆ, ಕೂರುವವರಿಗೂ ಮೆತ್ತಗಿರುತ್ತದೆ ಎಂದು ಅತ್ತೆ ಅಷ್ಟನ್ನು ಗುಡಿಸದೆ ಬಿಡಿಸಿದ್ದರಂತೆ.

ಮಕ್ಕಳು ಮುತ್ತಿಕೊಂಡವು. ಅವಳು ಕೈ ಹಾಕಿ ಎಲೆ ಸರಿಸಿದಳು. ಕಪ್ಪಗೆ, ತೇವವಾಗಿ ಮಣ್ಣು. ಒಬ್ಬ ಹುಡುಗ ಎರೆಹುಳ ಹಿಡಿದು ಕುಣಿದ.

"ನೆರಳಲ್ಲಿದೆಯಲ್ಲಮ್ಮಾ, ತಂಪಾಗೇ ಇರುತ್ತೆ" ಎಂದರು ಹಿರಿಯರು. ತಪ್ಪೇನೂ ಹೇಳಿರಲಿಲ್ಲ.

"ಹೌದು ಸಾರ್. ಅದಕ್ಕೇ ಅದೇ ನೆರಳಲ್ಲಿ ಗುಡ್ಸಿರೋ ಜಾಗಾನೂ ನೋಡಾಣ."

ಒಂದು ಚೊಂಬು ನೀರನ್ನು ಹೊದಿಕೆಯ ಮೇಲೆ ಸುರಿದಳು. ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇನ್ನೊಂದು ಚೊಂಬನ್ನು ಒಂದು ಅಡಿ ಆಚೆ, ಬೋಳು ನೆಲದ ಮೇಲೆ ಸುರಿದಳು. ಕೆಂಪು ನೀರು ಪೊರಕೆಯ ಗೀರುಗಳನ್ನು ಅಳಿಸುತ್ತಾ ಹರಿದು ರಂಗೋಲಿಯ ಒಂದು ಮೂಲೆಯನ್ನು ತೊಳೆದುಕೊಂಡು ಹೋಯಿತು.

"ಮುಂಚೆ ನಮ್ಮಲ್ಲಿ ಮಳೆ ಸಣ್ಣಗೆ ಎರಡ್ ದಿನ ಹಿಡ್ಕೊಳ್ಳೋದು. ಈಗ ತಿಂಗಳುಗಟ್ಲೆ ಬರಲ್ಲ, ಬಂದ್ರೆ ಒಂದೇ ಗಂಟೇಲಿ ಸುರಿದು ಹೋಗುತ್ತೆ. ಅದೇ ಕಣ್ರೋ ಬದಲಾವಣೆ ಅಂದ್ರೆ. ಒಂದೇ ಗಂಟೇಲಿ ಬರೋದನ್ನ ಕುಡಿಯಕ್ಕೆ ನೆಲಕ್ಕೆ ಬಾಯಿ ಇರ್ಬೇಕು. ನಾನು ನೆನ್ನೆ ಪೊರಕೆ ತಗೊಂಡು ಆ ಬಾಯಿ ಮುಚ್‌ಬಿಟ್ಟೆ."

ಅವಳು ಹೊಲದ ಕಡೆ ಮುಖ ಮಾಡಿ ಮಾತಾಡುತ್ತಿದ್ದಳು. ಚಾರ್ಟು ಅವಳ ಬೆನ್ನ ಹಿಂದೆ ಗಾಳಿಗೆ ಅಲ್ಲಾಡುತ್ತಿತ್ತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥ ಪಾಠ ನಾನು ಕೇಳಿಲ್ಲ. ಮೈದುನ ಕೂಡ ಕಡ್ಡಿ ರಾಶಿ ಬಿಟ್ಟು ಹತ್ತಿರ ಬಂದು ಬಗ್ಗಿ ನೋಡಿದ. ಪಾಸಾದಳು ಎಂದೇ ನಾನು ಅಂದುಕೊಂಡೆ.

ಕಾರಿನ ಹತ್ತಿರ ಹಿರಿಯರು ನನ್ನನ್ನು ಕರೆದರು.

"ಪಾಠ ತುಂಬಾ ಚೆನ್ನಾಗಿತ್ತು ಮೇಡಂ. ಅದಕ್ಕೆ ಪೂರ್ತಿ ಅಂಕ ಕೊಟ್ಟಿದ್ದೀನಿ. ಆದ್ರೆ ತಾಕಿಗೆ ಕೊಡೋಕಾಗಲ್ಲ. ಫೋಟೋದಲ್ಲಿ ಬರೀ ನೆಲ ಇದೆ, ಮೂಲೇಲಿ ಬೆಂಕಿ ಇದೆ."

ನಾನು ಬಿಡಲಿಲ್ಲ. ಒಂದು ವರ್ಷ ಹೊದಿಕೆ ಇತ್ತು ಸಾರ್, ನಾನೇ ಕಣ್ಣಾರೆ ನೋಡಿದ್ದೇನೆ, ನೆನ್ನೆ ಒಂದು ದಿನ ತಪ್ಪಾಗಿದೆ, ಆ ತಪ್ಪನ್ನೇ ಪಾಠ ಮಾಡಿದ್ದಾಳೆ, ಇನ್ನೇನು ಬೇಕು ಎಂದು ಕೂಗಾಡಿದೆ. ಅವರು ಸಿಟ್ಟಾಗಲಿಲ್ಲ. ಫೈಲು ತೆರೆದು ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟು ತೋರಿಸಿದರು.

"ಇದು ನಿಮ್ಮದೇ ಕೈಬರಹ ಅಲ್ವಾ?"

'ತಾಕು ಗಲೀಜಾಗಿದೆ.' ಕೆಳಗೆ ನನ್ನ ಸಹಿ.

"ತಿಂಗಳ ಹಿಂದೆ ನೋಡಿದವರು ಗಲೀಜು ಅಂತಾರೆ. ಈಗ ನೋಡಿದ್ರೆ ಬೋಳು. ನಾನು ಏನಂತ ಬರೀಲಿ ಹೇಳಿ?"

ಅದು ಶೂಗೆ, ಬಕೆಟ್ಟಿಗೆ, ಪೈಪಿಗೆ ಬರೆದದ್ದು ಎಂದೆ. ಹಾಗಂತ ಇಲ್ಲಿ ಬರೆದಿಲ್ಲವಲ್ಲ ಎಂದರು. ಮಳೆಗಾಲದ ನಂತರ ಮತ್ತೊಮ್ಮೆ ಪರೀಕ್ಷೆಗೆ ಕೂರಬಹುದು ಎಂದೂ ಹೇಳಿದರು. ಯುಗಾದಿಗೆ ಎರಡು ವಾರ ಇತ್ತು. ಕಾರು ಹೊರಟುಹೋಯಿತು.

ಆಗ ನನಗೆ ಅವಳು ಬೆಳಿಗ್ಗೆ ಹೇಳದೆ ಉಳಿಸಿಕೊಂಡ ಮಾತು ಏನಿರಬಹುದು ಎಂದು ಹೊಳೆಯಿತು. ಹೊಳೆದದ್ದನ್ನು ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. ಪೊರಕೆಯ ಮೇಲೆ, ಅತ್ತೆಯ ಮೇಲೆ, ಅಂಕದ ಹಾಳೆಯ ಮೇಲೆ, ಬೆಂಗಳೂರಿನ ಮೇಲೆ ಸಿಟ್ಟು ಮಾಡಿಕೊಂಡು ಮನೆಗೆ ಬಂದೆ. ಆ ವಾರವೆಲ್ಲ ಯಾರು ಮಾತಾಡಿಸಿದರೂ ಸಿಡುಕಿದೆ. ಆಫೀಸಿಗೆ ಎರಡು ಪತ್ರ ಬರೆದೆ. ನಿಯಮ ನಿಯಮವೇ ಎಂದು ಒಂದು ಸಾಲಿನ ಉತ್ತರ ಬಂತು.

ಫಲಿತಾಂಶ ಹೇಳಲು ನಾನೇ ಹೋದೆ. ಅವಳು "ಆಯ್ತು ಬಿಡಿ ಮೇಡಂ" ಎಂದಳು, ಅಷ್ಟೇ. ಮೈದುನ ಕೈ ಕಟ್ಟಿ ನಿಂತಿದ್ದ.

"ನಾನೇನ್ ಕೆಟ್ಟೋನಲ್ಲ ಮೇಡಂ. ಪಾಠ ನಂಗೂ ಚೆನ್ನಾಗಿತ್ತು. ಆದ್ರೆ ಮಾತು ಮಾತೇ. ಟೊಮೆಟೊ ಸಸಿಗೂ ಹೇಳಾಗಿದೆ."

ಅವನ ಮೇಲೆ ಸಿಟ್ಟು ಮಾಡಲು ನೋಡಿದೆ, ಬರಲಿಲ್ಲ. ಅಷ್ಟರಲ್ಲಿ ಅವಳು ಒಳಗಿನಿಂದ ಜಮಖಾನ ತಂದಳು. ಸೀದಾ ಹೊಂಗೆ ಮರದ ಕೆಳಗೆ ಹೋಗಿ ಹಾಸಿದಳು.

"ಇಷ್ಟು ಬಿಟ್‌ಕೊಡು ಸಾಕು. ಇದರಾಚೆ ಏನಾದ್ರೂ ಹಾಕ್ಕೋ."

ಮೈದುನ ಕಟ್ಟಿದ ಕೈ ಬಿಟ್ಟು ಬದುವಿನ ಕಡೆ ನಡೆದ. ಆಮೇಲೆ ತನ್ನ ರಾಶಿಯಿಂದ ನಾಲ್ಕು ನೀಲಗಿರಿ ಕಡ್ಡಿ ಎಳೆದು ಜಮಖಾನದ ನಾಲ್ಕು ಮೂಲೆಗೆ ನೆಟ್ಟ. ಅವಳು ಜಮಖಾನ ಮಡಚಿಕೊಂಡು ಒಳಗೆ ಹೋದಳು.

ಈಗ ಅಲ್ಲಿ ಹೋಗಿ ನೋಡಿದರೆ ಅರ್ಧ ಎಕರೆಗೆ ಪ್ಲಾಸ್ಟಿಕ್ ಶೀಟು ಹಾಸಿದೆ, ಟೊಮೆಟೊ ಇದೆ. ನಾಲ್ಕು ಕಡ್ಡಿಯ ನಡುವೆ ಆ ತುಂಡು ನೆಲ ಮಾತ್ರ ಎಲೆ ಕಡ್ಡಿ ಹೊದ್ದು ಮಲಗಿದೆ. ಹೊಸ ತಂಡವನ್ನು ನಾನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಬೋರ್ಡಿಲ್ಲ, ಸಂಸ್ಥೆಯ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ವರದಿಯಲ್ಲಿ ಅವಳನ್ನು ಏನೆಂದು ಬರೆಯಬೇಕೋ ಇನ್ನೂ ತಿಳಿದಿಲ್ಲ, ಪ್ರತಿ ತಿಂಗಳೂ ಆಫೀಸಿನವರ ಜೊತೆ ಇದೇ ಜಗಳ. ಅವಳು ಎರಡು ಚೊಂಬು ನೀರು ತಂದು, ತಾನು ಹೊಲ ಗುಡಿಸಿದ ಕಥೆಯಿಂದಲೇ ಪಾಠ ಶುರು ಮಾಡುತ್ತಾಳೆ. ಯಾಕೆ ಗುಡಿಸಿದೆ ಎಂದು ಯಾರಾದರೂ ಕೇಳಿದರೆ "ದೊಡ್ಡೋರು ಬರ್ತಾರಂತ" ಎನ್ನುತ್ತಾಳೆ. ನನ್ನ ಕಡೆ ನೋಡುವುದಿಲ್ಲ.

ಮೊನ್ನೆ ಆಫೀಸಿನಿಂದ ಕಾಗದ ಬಂತು. ಫೇಲಾದವರಿಗೆ ಮತ್ತೊಂದು ಪರೀಕ್ಷೆ, ತಾಕಿನ ಅಳತೆಗೆ ಮಿತಿಯಿಲ್ಲ, ಎಷ್ಟು ಚಿಕ್ಕದಾದರೂ ಸರಿ ಎಂದಿತ್ತು. ಮಧ್ಯಾಹ್ನದ ಬಿಸಿಲಲ್ಲೇ ಓಡಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ, ಈ ಸಲವಾದರೂ ಹೇಳಿಬಿಡಬೇಕು, ಆ ದಿನ ಬೈದದ್ದು ಚೀಲಕ್ಕೆ, ಶೂಗೆ, ನಿನ್ನ ಹೊದಿಕೆಗಲ್ಲ, ತಪ್ಪು ನಂದು ಎಂದು.

ಅವಳು ಆ ತುಂಡಿನ ಪಕ್ಕ ಕೂತು ಕಡ್ಡಿ ತುಂಡು ಮಾಡುತ್ತಿದ್ದಳು. ಹೊದಿಕೆಯ ಮೇಲೆ ಗಂಡನ ಹಳೇ ಶೂ ಬಿದ್ದಿತ್ತು. ನನ್ನ ಕಣ್ಣು ಅದರ ಮೇಲೆ ಹೋದದ್ದನ್ನು ಅವಳು ನೋಡಿದಳು. ನಾನು ಪರೀಕ್ಷೆಯ ವಿಷಯ ಹೇಳಿದೆ. ಉಳಿದದ್ದನ್ನು ಹೇಳಲು ಬಾಯಿ ತೆರೆದೆ.

ಅವಳು ಶೂ ಎತ್ತಿ ಬದುವಿನ ಆಚೆ ಎಸೆದಳು.

"ಕೂರ್ತೀನಿ ಮೇಡಂ. ಆದ್ರೆ ಈ ಸಲ ಗುಡ್ಸಲ್ಲ. ನೀವು ಬೈದ್ರೂ ಗುಡ್ಸಲ್ಲ."